ಒಂದು ಹಳೆಯ ಹತ್ತರಿಯ ಕಾಲನಿರ್ಣಯವೂ ಜೀರ್ಣೋದ್ಧಾರವೂ

ಇತಿಹಾಸದ ಆಧಾರಗಳೆಂದೊಡನೆ ಶಿಲಾಶಾಸನ, ತಾಮ್ರಪಟ, ತಾಳೆಯೋಲೆ, ನಾಣ್ಯ ಎಂಬಿವೇ ನಮ್ಮ ಕಣ್ಣ ಮುಂದೆ ಬರುತ್ತವೆ. ಕುಶಲಕರ್ಮಿಗಳ ಕೈಯಲ್ಲಿ ಸವೆದ ಉಪಕರಣಗಳನ್ನು ಅವುಗಳ ಪಂಕ್ತಿಯಲ್ಲಿ ಕುಳ್ಳಿರಿಸುವ ರೂಢಿ ನಮ್ಮಲ್ಲಿ ಅಷ್ಟಾಗಿ ಬೆಳೆದಿಲ್ಲ. ಆದರೆ ಉಪಕರಣವೂ ಒಂದು ಲೇಖ್ಯವೇ. ಅದರ ಮೇಲೆ ತೇದಿ ಇರಬಹುದು, ಹೆಸರು ಇರಬಹುದು, ಹಿಂದೆ ಅದನ್ನು ತಿದ್ದಿದವರ ಗುರುತಂತೂ ಇದ್ದೇ ಇರುತ್ತದೆ. ಅದನ್ನು ದುರಸ್ತಿ ಮಾಡಹೊರಟವನು ತಿಳಿದೋ ತಿಳಿಯದೆಯೋ ಗ್ರಂಥಸಂಪಾದಕನ ಸ್ಥಾನದಲ್ಲಿ ನಿಲ್ಲುತ್ತಾನೆ. ಈ ಮಾತನ್ನು ನಾನು ಪುಸ್ತಕಗಳಿಂದ ಕಲಿತವನಲ್ಲ. ಒಂದು ಹತ್ತರಿಯನ್ನು ಕೊಂಡು, ಅದನ್ನು ಸರಿಪಡಿಸುವ ಉತ್ಸಾಹದಲ್ಲಿ ಅದರ ಒಂದು ಅಮೂಲ್ಯವಾದ ಸಾಕ್ಷ್ಯವನ್ನು ಸ್ವಹಸ್ತದಿಂದ ಅಳಿಸಿಹಾಕಿ ಕಲಿತೆನು. ಆ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳೆದ ವರ್ಷದ ಮಳೆಗಾಲದಲ್ಲಿ ಅಂತರಜಾಲದ ಒಂದು ಮಾರಾಟತಾಣದಲ್ಲಿ ಈ ಹತ್ತರಿ ನನ್ನ ಕಣ್ಣಿಗೆ ಬಿದ್ದಿತು. ಅಮೆರಿಕದ ಸ್ಟ್ಯಾನ್ಲಿ ಕಂಪನಿಯದು, ಬೈಲಿ ಮಾದರಿಯದು, ೪ನೆಯ ನಂಬರಿನದು. ‘೧೯೦೨ನೆಯ ಇಸವಿಯದು, ತೇದಿ ಮೈಮೇಲೆಯೇ ಇದೆ’ ಎಂದು ಮಾರುವಾತನು ಬರೆದಿದ್ದನು. ಮೂರು ಛಾಯಾಚಿತ್ರಗಳನ್ನೂ ಕೊಟ್ಟಿದ್ದನು. ಬೆಲೆ ಎರಡು ಸಾವಿರದ ನಾನೂರು ರೂಪಾಯಿ. ಹಿಂದಿನ ಹಿಡಿಯ ತುದಿ ಮುರಿದಿರುವುದನ್ನು ಅವನು ಮುಚ್ಚಿಟ್ಟಿರಲಿಲ್ಲ. ಅದು ಗೊತ್ತಿದ್ದೇ ನಾನು ಹಣ ಕಳಿಸಿದೆನು. ಆದರೆ ಹಳೆಯ ವೃತ್ತಪತ್ರಿಕೆಯ ಎರಡೇ ಹಾಳೆಗಳಲ್ಲಿ ಸುತ್ತಿ ಕಳಿಸಿದ ಆ ಗಂಟು ನಮ್ಮ ಮನೆಯನ್ನು ಸೇರುವಷ್ಟರಲ್ಲಿ ದಾರಿಯಲ್ಲೆಲ್ಲೋ ಬಿದ್ದು ಪೆಟ್ಟು ತಿಂದಿತ್ತು. ಬಿಚ್ಚಿ ನೋಡಿದಾಗ ಎಡಪಾರ್ಶ್ವದ ಗೋಡೆಯಲ್ಲಿ, ಅಲಗು ಹೊರಬರುವ ಬಾಯಿಯ ಪಕ್ಕದಲ್ಲಿ, ಕೂದಲೆಳೆಯಂಥ ಒಂದು ಬಿರುಕು ಮೇಲಿನಿಂದ ಕೆಳಗಿಳಿದಿತ್ತು. ಮಾರಿದವನು ಸಾಗಣೆಯವರನ್ನೂ ಸಾಗಣೆಯವರು ಮಾರಿದವನನ್ನೂ ದೂರಿದರು. ನಾನು ಎರಡು ವಾರ ಪತ್ರವ್ಯವಹಾರ ನಡೆಸಿ ಕೈಬಿಟ್ಟೆನು.

ಮುಂದುವರಿಯುವ ಮೊದಲು ಹೆಸರಿನ ವಿಚಾರವಾಗಿ ಒಂದು ಮಾತು. ಮರದ ಮೈಯನ್ನು ನಯಗೊಳಿಸುವ ಈ ಉಪಕರಣಕ್ಕೆ ನಮ್ಮಲ್ಲಿ ಹತ್ತರಿ, ಉಜ್ಜುಗೊರಡು, ಕೀಸುಳಿ ಎಂದು ಹಲವು ಹೆಸರುಗಳಿವೆ. ಇವುಗಳಲ್ಲಿ ಕರಾವಳಿಯ ‘ಕೀಸುಳಿ’ ನನಗೆ ಬಹು ಅರ್ಥವತ್ತಾಗಿ ತೋರುತ್ತದೆ. ಕೀಸುವ ಉಳಿ ಕೀಸುಳಿ. ತಮಿಳಿನ ‘ಇೞೈಪ್ಪುಳಿ’ ಎಂಬ ಪದವೂ ಉಳಿಯನ್ನೇ ಒಳಗೊಂಡಿದೆ. ವಸ್ತುವಿನ ಮರ್ಮವೂ ಅದೇ. ಉಳಿಯನ್ನು ಒಂದು ದಿಮ್ಮಿಯಲ್ಲಿ ಓರೆಯಾಗಿ ಬಂಧಿಸಿ, ಅದು ಇಂತಿಷ್ಟೇ ಆಳಕ್ಕೆ ಇಳಿಯಬೇಕೆಂದು ಕಟ್ಟುಮಾಡಿದರೆ ಹತ್ತರಿಯಾಗುತ್ತದೆ. ಈ ನಗರದ ಬಡಗಿಗಳು ಇದನ್ನು ಮರಾಠಿಯ ‘ರಂಧಾ’ ಎಂಬ ಹೆಸರಿನಿಂದ ಕರೆಯುತ್ತಾರೆ. ಇಲ್ಲಿ ನಾನು ಹತ್ತರಿಯೆಂಬ ಪದವನ್ನೇ ಇಟ್ಟುಕೊಂಡಿದ್ದೇನೆ.

ಹತ್ತರಿ ಹೊಸ ವಸ್ತುವೇನೂ ಅಲ್ಲ. ಕ್ರಿ. ಶ. ೭೯ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ನಗರದ ಅವಶೇಷಗಳಲ್ಲಿ ರೋಮನರ ಹತ್ತರಿಗಳು ದೊರೆತಿವೆ. ಅಲ್ಲಿಂದ ಹದಿನೆಂಟು ಶತಮಾನಗಳ ತರುವಾಯವೂ ಬಹುಪಾಲು ಬಡಗಿಗಳ ಕೈಯಲ್ಲಿದ್ದುದು ಮರದ ದಿಮ್ಮಿ, ಒಂದು ಅಲಗು, ಅದನ್ನು ಬಿಗಿಯುವ ಒಂದು ಬೆಣೆ, ಇಷ್ಟೇ. ಅಲಗನ್ನು ಕೂದಲೆಳೆಯಷ್ಟು ಮುಂದೆ ತರಬೇಕಾದರೆ ಸುತ್ತಿಗೆಯಿಂದ ಅದರ ನೆತ್ತಿಯನ್ನು ಮೆಲ್ಲನೆ ತಟ್ಟಬೇಕು. ಹಿಂದೆ ಸರಿಸಬೇಕಾದರೆ ದಿಮ್ಮಿಯ ಹಿಂಬದಿಗೆ ಹೊಡೆಯಬೇಕು. ಎಷ್ಟು ತಟ್ಟಿದರೆ ಎಷ್ಟು ಸರಿಯುತ್ತದೆಂಬುದು ಕೈಗೆ ಮಾತ್ರ ಗೊತ್ತಿರುವ ವಿದ್ಯೆ. ಅದನ್ನು ಗುರುವಿನ ಬಳಿ ವರ್ಷಗಟ್ಟಲೆ ಇದ್ದು ಕಲಿಯಬೇಕು. ಈ ವಿದ್ಯೆಯನ್ನು ಒಂದು ಹಿತ್ತಾಳೆಯ ಚಕ್ರದೊಳಗೆ ಇಳಿಸಿದವನು ಲಿಯೊನಾರ್ಡ್ ಬೈಲಿ ಎಂಬ ಅಮೆರಿಕನ್. ೧೮೨೫ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದಲ್ಲಿ ಹುಟ್ಟಿದ ಈತನು ಬೋಸ್ಟನ್ನಿನ ಸುತ್ತಮುತ್ತ ಕೆಲಸ ಮಾಡುತ್ತಿದ್ದು, ೧೮೫೦ರ ದಶಕದಿಂದ ಮೊದಲ್ಗೊಂಡು ಒಂದರ ಮೇಲೊಂದು ಪೇಟೆಂಟುಗಳನ್ನು ಪಡೆದನು. ೧೮೫೮ರಲ್ಲಿ ಬೆಣೆಗೆ ಬದಲಾಗಿ ಅಲಗನ್ನು ಒತ್ತಿಹಿಡಿಯುವ ಸನ್ನೆಮುಚ್ಚಳವು ಬಂದಿತು. ೧೮೬೭ರ ಆಗಸ್ಟಿನಲ್ಲಿ, ಹಿಡಿಯನ್ನು ಬಿಡದೆಯೇ ಬೆರಳಿನಿಂದ ತಿರುಗಿಸಿ ಅಲಗನ್ನು ಏರಿಳಿಸಬಲ್ಲ ತಿರುಪಿನ ಚಕ್ರವು ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ತೆಳುವಾದ ಅಲಗಿಗೆ ಸಂಬಂಧಿಸಿದ ಪೇಟೆಂಟೂ ಅವನಿಗೆ ದೊರೆಯಿತು. ಇಂದಿಗೂ ಜಗತ್ತಿನ ಯಾವ ಅಂಗಡಿಯಲ್ಲಿ ಕಬ್ಬಿಣದ ಹತ್ತರಿಯನ್ನು ಕೊಂಡರೂ ಅದರ ಒಳಗಿನ ಯಂತ್ರ ಬಹುತೇಕ ಬೈಲಿಯದೇ.

ಆದರೆ ಬೈಲಿಯು ಅದರ ಫಲವನ್ನು ಪೂರ್ತಿಯಾಗಿ ಉಣ್ಣಲಿಲ್ಲ. ೧೮೬೯ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ನ್ಯೂ ಬ್ರಿಟನ್ ಪಟ್ಟಣದ ಸ್ಟ್ಯಾನ್ಲಿ ರೂಲ್ ಅಂಡ್ ಲೆವೆಲ್ ಕಂಪನಿಯು ಅವನ ಹಕ್ಕುಗಳನ್ನು ಕೊಂಡುಕೊಂಡಿತು. ಅವನೂ ಅಲ್ಲಿಗೇ ಹೋಗಿ ಸೇರಿಕೊಂಡನು. ಕೆಲವೇ ವರ್ಷಗಳಲ್ಲಿ ಮನಸ್ತಾಪ ಹುಟ್ಟಿತು. ಅವನು ಹೊರಬಿದ್ದು ‘ವಿಕ್ಟರ್’ ಎಂಬ ಹೆಸರಿನಲ್ಲಿ ಬೇರೆ ಹತ್ತರಿಗಳನ್ನು ಮಾಡಲಾರಂಭಿಸಿದನು. ಕಡೆಗೆ ಆ ವ್ಯಾಪಾರವೂ ಸ್ಟ್ಯಾನ್ಲಿಯವರ ಹೊಟ್ಟೆಯನ್ನೇ ಸೇರಿತು. ಇತ್ತ ಕಂಪನಿಯಲ್ಲಿದ್ದ ಜಸ್ಟಸ್ ಟ್ರೌಟ್ ಎಂಬಾತನು ಅಲಗನ್ನು ಎಡಬಲಕ್ಕೆ ಓರೆಮಾಡುವ ಸನ್ನೆಯನ್ನು ರೂಪಿಸಿ ೧೮೮೪ರಲ್ಲಿ ಪೇಟೆಂಟು ಪಡೆದನು. ವಿನೋದದ ಸಂಗತಿಯೆಂದರೆ, ಬೈಲಿಯೊಡನೆ ಜಗಳವಾಡಿದ ಅದೇ ಕಂಪನಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅವನ ಹಳೆಯ ಪೇಟೆಂಟುಗಳೆಲ್ಲ ಅವಧಿ ಮುಗಿದು ಯಾರು ಬೇಕಾದರೂ ನಕಲು ಮಾಡಬಹುದಾದ ಕಾಲಕ್ಕೆ, ‘ಬೈಲಿ’ ಎಂಬ ಹೆಸರನ್ನು ಹತ್ತರಿಯ ಮೂತಿಯ ಮೇಲೆ ದಪ್ಪಕ್ಷರಗಳಲ್ಲಿ ಎರಕ ಹೊಯ್ಯಿಸತೊಡಗಿತು. ಬೈಲಿಯು ೧೯೦೫ರಲ್ಲಿ ತೀರಿಕೊಂಡನು. ನನ್ನ ಹತ್ತರಿಯ ಮೂತಿಯ ಮೇಲೂ ಆ ಹೆಸರಿದೆ. ಅದು ಕರ್ತೃವಿನ ಅಂಕಿತವೆಂದು ತಿಳಿದರೆ ತಪ್ಪಾಗುತ್ತದೆ. ಅದು ವ್ಯಾಪಾರದ ಮುದ್ರೆ.

ಇನ್ನು ಕಾಲನಿರ್ಣಯ. ‘ಕಪ್ಪೆ’ ಎಂಬರ್ಥದ ‘ಫ್ರಾಗ್’ ಎಂಬ ಹೆಸರಿನಿಂದ ಇಂಗ್ಲಿಷರು ಕರೆಯುವ, ಅಲಗಿಗೆ ಒರಗುಪೀಠವಾದ ಒಂದು ಭಾಗವಿದೆ. ಅದರ ಹಿಂದೆ, ಕಪ್ಪು ಲೇಪದ ಕೆಳಗೆ, ಮೂರು ತೇದಿಗಳು ಎರಕದಲ್ಲಿಯೇ ಮೂಡಿವೆ: ಮಾರ್ಚ್ ೨೫, ೧೯೦೨, ಆಗಸ್ಟ್ ೧೯, ೧೯೦೨, ಏಪ್ರಿಲ್ ೧೯, ೧೯೧೦. ಮಾರಿದಾತನು ಮೊದಲನೆಯ ಸಾಲನ್ನು ಓದಿ ಇದು ೧೯೦೨ರ ವಸ್ತುವೆಂದು ಸಾರಿದ್ದನು. ಇದು ಶಾಸನಗಳನ್ನು ಓದುವಲ್ಲಿ ನಾವೂ ಆಗಾಗ ಮಾಡುವ ತಪ್ಪು. ಶಾಸನದಲ್ಲಿ ಹಿಂದಿನ ಅರಸನ ದಾನದ ವರ್ಷವನ್ನು ಉದ್ಧರಿಸಿದ್ದರೆ ಅದು ಕಲ್ಲು ಕಡೆದ ವರ್ಷವಾಗುವುದಿಲ್ಲ. ಈ ತೇದಿಗಳು ಪೇಟೆಂಟು ದೊರೆತ ದಿನಗಳೇ ಹೊರತು ಉಪಕರಣ ತಯಾರಾದ ದಿನಗಳಲ್ಲ. ಕಡೆಯ ತೇದಿಯಿಂದ ತಿಳಿಯುವುದು ಇಷ್ಟೇ: ಈ ಒಡಲು ೧೯೧೦ರ ಏಪ್ರಿಲಿಗಿಂತ ಹಿಂದಿನದಾಗಿರಲಾರದು. ಹಾಗಾದರೆ ಕೆಳಗಿನ ಮಿತಿ ಯಾವುದು? ಅಮೆರಿಕದಲ್ಲಿ ಆಗ ಪೇಟೆಂಟಿನ ಅವಧಿ ಹದಿನೇಳು ವರ್ಷ. ೧೯೦೨ರ ಮಾರ್ಚಿನ ಪೇಟೆಂಟು ೧೯೧೯ರ ಮಾರ್ಚಿಗೆ ಮುಗಿಯುತ್ತದೆ. ಮುಗಿದುಹೋದ ಪೇಟೆಂಟಿನ ತೇದಿಯನ್ನು ಎರಕದ ಅಚ್ಚಿನಲ್ಲಿ ಬಹುಕಾಲ ಇಟ್ಟುಕೊಂಡಿರಲು ಕಾರಣವಿಲ್ಲವಾದರೂ, ಅಚ್ಚು ಸವೆಯುವವರೆಗೆ ಹಾಗೆಯೇ ಬಳಸಿರಲೂಬಹುದು. ಇಲ್ಲಿ ಎರಡನೆಯ ಸಾಕ್ಷಿ ನೆರವಿಗೆ ಬರುತ್ತದೆ. ಅಲಗನ್ನು ಏರಿಳಿಸುವ ಹಿತ್ತಾಳೆಯ ಚಕ್ರದ ವ್ಯಾಸ ನನ್ನ ಹತ್ತರಿಯಲ್ಲಿ ಒಂದೇ ಅಂಗುಲ. ಮೊದಲನೆಯ ಮಹಾಯುದ್ಧದ ತರುವಾಯ ಕಂಪನಿಯವರು ಅದನ್ನು ಒಂದೂಕಾಲು ಅಂಗುಲಕ್ಕೆ ಹಿಗ್ಗಿಸಿದರು. ಮುಂದಿನ ಗುಂಡುಹಿಡಿಯೂ ಗಿಡ್ಡಾಗಿದೆ. ಎತ್ತರದ ಗುಂಡುಹಿಡಿ ಬಂದುದೂ ಆ ಯುದ್ಧದ ತರುವಾಯವೇ. ಸ್ಟ್ಯಾನ್ಲಿ ಹತ್ತರಿಗಳನ್ನು ಶೋಧಿಸಿ ವರ್ಗೀಕರಿಸಿದ ಸಂಗ್ರಾಹಕರು ಇಂಥದನ್ನು ಹನ್ನೊಂದನೆಯ ಪ್ರಕಾರವೆಂದು ಹೆಸರಿಸಿ ೧೯೧೦–೧೯೧೮ರ ಅವಧಿಯಲ್ಲಿಡುತ್ತಾರೆ. ಅದನ್ನು ಒಪ್ಪಲು ನನಗೆ ಯಾವ ಅಡ್ಡಿಯೂ ಕಾಣಲಿಲ್ಲ.

ಆದರೆ ಇದು ಒಡಲಿನ ಕಾಲವಾಯಿತು, ಇಡೀ ಹತ್ತರಿಯದಾಗಲಿಲ್ಲ. ಸನ್ನೆಮುಚ್ಚಳದಲ್ಲಿ ತಿರುಪು ಹಾಯುವ ರಂಧ್ರವು ಮೂತ್ರಪಿಂಡದ ಆಕಾರದಲ್ಲಿದೆ. ೧೯೩೩ಕ್ಕೆ ಮೊದಲು ಆ ರಂಧ್ರ ಬೀಗದ ಕೈ ತೂರಿಸುವ ಕಂಡಿಯಂತೆ ಇರುತ್ತಿತ್ತು. ಅಲಗಂತೂ ಸ್ಟ್ಯಾನ್ಲಿಯವರದೇ ಅಲ್ಲ. ಇಂಗ್ಲೆಂಡಿನ ಶೆಫೀಲ್ಡಿನ ‘ರೆಕಾರ್ಡ್’ ಮುದ್ರೆಯದು. ರೆಕಾರ್ಡ್ ಹತ್ತರಿಗಳು ಮಾರುಕಟ್ಟೆಗೆ ಬಂದುದು ೧೯೩೧ರಲ್ಲಿ. ಅಂದಮೇಲೆ ಒಡಲು ಹುಟ್ಟಿ ಹದಿನೈದಿಪ್ಪತ್ತು ವರ್ಷಗಳಾದ ಮೇಲೆ, ಯಾರೋ ಒಬ್ಬ ಬಡಗಿ ಅಥವಾ ಒಬ್ಬರಾದ ಮೇಲೊಬ್ಬರು, ಮುರಿದ ಮುಚ್ಚಳವನ್ನು ಬದಲಿಸಿ, ಸವೆದ ಅಲಗನ್ನು ಬಿಸಾಡಿ, ಸಿಕ್ಕಿದ್ದನ್ನು ಹೊಂದಿಸಿಕೊಂಡು ಕೆಲಸ ಮುಂದುವರಿಸಿದ್ದಾರೆ. ಬಿಡಿಭಾಗಗಳು ಒಂದಕ್ಕೊಂದು ಹೊಂದುವಂತೆ ಇದ್ದುದರಿಂದಲೇ ಇದು ಸಾಧ್ಯವಾಯಿತು. ಹಸ್ತಪ್ರತಿಗಳನ್ನು ಕಂಡವರಿಗೆ ಈ ಸ್ಥಿತಿ ಹೊಸದಲ್ಲ. ಮೂಲಪ್ರತಿಯ ಗರಿಗಳು ಜೀರ್ಣವಾದೆಡೆ ಬೇರೆ ಕೈಯವರು ಬೇರೆ ಗರಿಗಳನ್ನು ಸೇರಿಸಿ ಕಟ್ಟಿದ ಓಲೆಗಟ್ಟುಗಳು ನಮ್ಮಲ್ಲಿ ಎಷ್ಟಿಲ್ಲ! ಹೊಸ ಗರಿಯೆಂದು ಅದನ್ನು ಕಿತ್ತೆಸೆಯುವ ಸಂಪಾದಕನನ್ನು ಯಾರೂ ಮೆಚ್ಚರು. ಆದಕಾರಣ ‘ಅಸಲು’ ಮುಚ್ಚಳವನ್ನೂ ‘ಅಸಲು’ ಅಲಗನ್ನೂ ಹುಡುಕಿ ತಂದು ಹಾಕಬೇಕೆಂಬ ಆಸೆಯನ್ನು ನಾನು ಬಿಟ್ಟೆನು.

ಇಷ್ಟು ವಿವೇಕವಿದ್ದವನು ಬಿರುಕಿನ ವಿಷಯದಲ್ಲಿ ಅವಿವೇಕಿಯಾದುದು ಹೇಗೆಂದು ಈಗ ಹೇಳಬೇಕು. ಒಡಲು ಬೀಡು ಕಬ್ಬಿಣದ್ದು. ಬೀಡಿನಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ಇಂಗಾಲವಿರುತ್ತದೆ. ಅದರ ಬಹುಭಾಗ ಸೂಕ್ಷ್ಮವಾದ ಸೀಸಕಡ್ಡಿಯ ಹಕ್ಕಳೆಗಳಂತೆ ಲೋಹದ ನಡುವೆ ಹರಡಿಕೊಂಡಿರುತ್ತದೆ. ಹಿಂಡಿದರೆ ತಡೆಯುವ ಬೀಡು ಜಗ್ಗಿದರೂ ಬಡಿದರೂ ಆ ಹಕ್ಕಳೆಗಳ ಅಂಚಿನಲ್ಲಿಯೇ ಸೀಳುತ್ತದೆ. ಹತ್ತರಿ ಕೈಜಾರಿ ನೆಲಕ್ಕೆ ಬೀಳುವುದೆಂದರೆ ಬಡಗಿಗೆ ಭಯ ಇದಕ್ಕಾಗಿಯೇ. ಬಿರುಕು ಎಲ್ಲಿಯವರೆಗೆ ಇಳಿದಿದೆ, ತಳಕ್ಕೂ ತಾಗಿದೆಯೇ ಎಂದು ತುಕ್ಕಿನ ನಡುವೆ ಕಾಣುತ್ತಿರಲಿಲ್ಲ. ದಪ್ಪನೆಯ ಗಾಜಿನ ಮೇಲೆ ಎಮರಿ ಕಾಗದವನ್ನು ಅಂಟಿಸಿ, ಎಡಪಾರ್ಶ್ವವನ್ನು ಒಂದು ಭಾನುವಾರವೆಲ್ಲ ಉಜ್ಜಿದೆನು. ತುಕ್ಕು ಹೋಗಿ ಕಬ್ಬಿಣ ಕನ್ನಡಿಯಾಯಿತು. ಬಿರುಕು ಸ್ಪಷ್ಟವಾಗಿ ಕಂಡಿತು: ಗೋಡೆಯ ಮೇಲಂಚಿನಿಂದ ಸುಮಾರು ಒಂದು ಅಂಗುಲ, ತಳಕ್ಕೆ ಕಾಲಂಗುಲ ಮೇಲೆಯೇ ನಿಂತಿತ್ತು. ಸಂತೋಷಪಟ್ಟೆನು.

ಮರುವಾರ ಅದನ್ನು ಕುರ್ಲಾದಲ್ಲಿ ಮರಗೆಲಸದ ಅಂಗಡಿ ಇಟ್ಟಿರುವ ಒಬ್ಬ ವೃದ್ಧ ಆಚಾರ್ಯರ ಬಳಿ ಒಯ್ದೆನು. ದಕ್ಷಿಣ ಕನ್ನಡದಿಂದ ಹುಡುಗನಾಗಿ ಬಂದು ಐವತ್ತು ವರ್ಷಗಳಿಂದ ಈ ನಗರದಲ್ಲಿರುವವರು. ಅವರು ಹತ್ತರಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ನನ್ನ ಕನ್ನಡಿಯ ಕೆಲಸವನ್ನು ಮೆಚ್ಚುವರೆಂದು ನಾನು ಕಾದಿರುವಾಗ, “ಇದನ್ನು ಇಷ್ಟು ಯಾಕೆ ತಿಕ್ಕಿದ್ರಿ ಮಾರಾಯ್ರೆ?” ಎಂದರು.

“ಬಿರುಕು ಎಷ್ಟಿದೆ ಅಂತ ನೋಡಬೇಕಿತ್ತು ಆಚಾರ್ರೇ” ಎಂದೆನು.

“ಅದಕ್ಕೆ ಸ್ವಲ್ಪ ಚಿಮಿಣಿ ಎಣ್ಣೆ, ಒಂದು ಚೂರು ಸೀಮೆಸುಣ್ಣ ಸಾಕಿತ್ತಲ್ಲ!”

ಹಾಗೆಂದು ಮಾಡಿಯೂ ತೋರಿಸಿದರು. ಬಿರುಕಿನ ಮೇಲೆ ಸೀಮೆಎಣ್ಣೆಯನ್ನು ಸವರಿ, ಸ್ವಲ್ಪ ಹೊತ್ತು ಬಿಟ್ಟು, ಮೇಲುಮೈಯನ್ನು ಒಣಬಟ್ಟೆಯಿಂದ ಒರಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಹಚ್ಚಿದರು. ಸೀಳಿನೊಳಗೆ ಇಳಿದಿದ್ದ ಎಣ್ಣೆ ಮೆಲ್ಲನೆ ಒಸರಿ ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆಯಾಗಿ ಮೂಡಿತು. ನಾನು ಕಂಡಿದ್ದುದಕ್ಕಿಂತ ಒಂದು ಜೋಳದ ಕಾಳಿನಷ್ಟು ಮುಂದಕ್ಕೂ ಹೋಗಿತ್ತು ಆ ಗೆರೆ. ಲೋಹದ ಒಂದು ಕಣವನ್ನೂ ತೆಗೆಯದೆ ತಿಳಿಯಬಹುದಾಗಿದ್ದ ಸಂಗತಿಯನ್ನು ನಾನು ಒಂದು ದಿನ ಉಜ್ಜಿಯೂ ಪೂರ್ತಿ ತಿಳಿದಿರಲಿಲ್ಲ.

ಬಿರುಕಿನ ತುದಿಯಲ್ಲಿ ಸಣ್ಣದೊಂದು ತೂತು ಕೊರೆದು ಅದು ಮುಂದೆ ಓಡದಂತೆ ಮಾಡಿ ಹಾಗೆಯೇ ಬಿಡಬಹುದೆಂಬುದು ಆಚಾರ್ಯರ ಸಲಹೆಯಾಗಿತ್ತು. “ಗೋಡೆ ಒಡೆದ್ರೆ ಏನಾಗ್ತದೆ? ಮರ ತಾಗುವುದು ತಳಕ್ಕೆ” ಎಂದರು. ನನಗೆ ಸಮಾಧಾನವಾಗಲಿಲ್ಲ. ಬೆಸುಗೆಯನ್ನೇ ಮಾಡಿಸಬೇಕೆಂದು ಹಟ ಹಿಡಿದೆನು. ಬೀಡಿಗೆ ಬೆಸುಗೆ ಹಾಕುವುದು ಉಕ್ಕಿಗೆ ಹಾಕಿದಂತಲ್ಲ. ಒಂದೇ ಕಡೆ ಕಾಯಿಸಿದರೆ ಕಾದ ಜಾಗ ಹಿಗ್ಗಿ, ಆರುವಾಗ ಕುಗ್ಗಿ, ಪಕ್ಕದಲ್ಲಿ ಹೊಸ ಸೀಳು ಹುಟ್ಟುತ್ತದೆ. ಆದಕಾರಣ ಆಚಾರ್ಯರ ಪರಿಚಯದ ಬೆಸುಗೆಗಾರನು ಇಡೀ ಒಡಲನ್ನು ಮೊದಲು ಕೆಂಡದ ಮೇಲಿಟ್ಟು ಸಮನಾಗಿ ಕಾಯಿಸಿದನು. ಬಳಿಕ ಬಿರುಕನ್ನು ಇಳಿಜಾರಾಗಿ ಅರದಿಂದ ತೆರೆದಿದ್ದ ಕಡೆ ಅನಿಲದ ಜ್ವಾಲೆಯಿಂದ ಹಿತ್ತಾಳೆಯ ಕಡ್ಡಿಯನ್ನು ಕರಗಿಸಿ ತುಂಬಿದನು. ಹಿತ್ತಾಳೆ ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಬೀಡು ಕರಗುವುದಿಲ್ಲ. ಇದೇ ಈ ಬೆಸುಗೆಯ ಗುಣ. ಮುಗಿದೊಡನೆ ಒಣ ಬೂದಿಯೊಳಗೆ ಹೂತು ರಾತ್ರಿಯೆಲ್ಲ ಮೆಲ್ಲಮೆಲ್ಲನೆ ಆರಲು ಬಿಟ್ಟನು. ಬೆಳಿಗ್ಗೆ ತೆಗೆದಾಗ ಬೂದುಬಣ್ಣದ ಗೋಡೆಯಲ್ಲಿ ಒಂದು ಹಳದಿ ಗೆರೆ ಮಿನುಗುತ್ತಿತ್ತು. ತಳ ಸ್ವಲ್ಪ ಬಾಗಿತ್ತು. ಅದನ್ನು ಮತ್ತೆ ಗಾಜಿನ ಮೇಲೆ ಉಜ್ಜಿ ಸಮಗೊಳಿಸಲು ಮೂರು ಸಂಜೆ ಹಿಡಿಯಿತು. ಖರ್ಚು ಕೊಂಡ ಬೆಲೆಯನ್ನು ಮೀರಿತು. ಸಾಲ ಕೊಡುವ ಕಸುಬಿನವನಾದ ನಾನು ಇಂಥ ಲೆಕ್ಕವನ್ನು ಬೇರೆ ಯಾರಾದರೂ ತಂದಿದ್ದರೆ ಒಪ್ಪುತ್ತಿರಲಿಲ್ಲ.

ಹಿಡಿಯನ್ನು ಬಿಚ್ಚುವಾಗ ಇನ್ನೊಂದು ತೊಡಕು. ಹಿಡಿಯ ಮೂಲಕ ಹಾಯ್ದು ಒಡಲಿಗೆ ಬಿಗಿಯುವ ಉದ್ದನೆಯ ಸರಳು ತುಕ್ಕು ಹಿಡಿದು ಅರ್ಧಕ್ಕೇ ತುಂಡಾಯಿತು. ನಾಗದೇವಿ ಬೀದಿಯಲ್ಲಿ ಹತ್ತು ಅಂಗಡಿ ಸುತ್ತಿದರೂ ಹೊಂದುವ ತಿರುಪು ಸಿಗಲಿಲ್ಲ. ಸ್ಟ್ಯಾನ್ಲಿಯವರು ಇಲ್ಲಿ ಬಳಸಿದುದು ೧೨ನೆಯ ನಂಬರಿನ ಗಾತ್ರ, ಅಂಗುಲಕ್ಕೆ ೨೦ ಸುತ್ತು. ಅವರ ದೇಶದ ಪ್ರಮಾಣಪಟ್ಟಿಯಲ್ಲಿಯೇ ಆ ಗಾತ್ರಕ್ಕೆ ೨೪ ಅಥವಾ ೨೮ ಸುತ್ತುಗಳಿರುತ್ತವೆ. ಅಲಗಿನ ಚಕ್ರದ ತಿರುಪಂತೂ ಎಡಗೈ ಸುತ್ತಿನದು. ಕಡೆಗೆ ಚೋರ್ ಬಜಾರಿನ ಒಂದು ಗುಡ್ಡೆಯಲ್ಲಿ, ಒಡಲು ಎರಡಾಗಿದ್ದ ಒಂದು ರೆಕಾರ್ಡ್ ಹತ್ತರಿ ದೊರೆಯಿತು. ಅದರ ಸರಳನ್ನು ತೆಗೆದು ನೋಡಿದರೆ ಸಲೀಸಾಗಿ ಕೂಡಿತು. ಅಲಗು ಆಗಲೇ ರೆಕಾರ್ಡಿನದಿತ್ತು. ಈಗ ಸರಳೂ ಅದೇ ಮನೆತನದ್ದಾಯಿತು.

ಇಷ್ಟಾದ ಮೇಲೆ, ಈ ಲೇಖನಕ್ಕೆ ಟಿಪ್ಪಣಿ ಮಾಡಿಕೊಳ್ಳುವಾಗ, ಮಾರಿದವನು ಕಳಿಸಿದ್ದ ಮೂರು ಛಾಯಾಚಿತ್ರಗಳನ್ನು ಮತ್ತೆ ತೆರೆದು ನೋಡಿದೆನು. ಎರಡನೆಯದು ಹತ್ತರಿಯ ಎಡಪಾರ್ಶ್ವದ ಚಿತ್ರ. ಕಿಟಕಿಯ ಓರೆಬೆಳಕಿನಲ್ಲಿ ತೆಗೆದುದು. ಗೋಡೆಯ ಹಿಂಬದಿಯಲ್ಲಿ, ತುಕ್ಕಿನ ನಡುವೆ, ಅಚ್ಚುಳಿಯಿಂದ ಹೊಡೆದ ರೋಮನ್ ಲಿಪಿಯ ಮೂರು ಅಕ್ಷರಗಳ ಛಾಯೆ ಕಾಣುತ್ತಿತ್ತು. ಮೊದಲನೆಯದು ‘ಜಿ’. ಕೊನೆಯದು ‘ಪಿ’. ನಡುವಿನದು ಒಂದು ನೆಟ್ಟನೆಯ ಗೀರು. ಅದರ ಮುಂದೆ ಅಂಕಿಗಳೋ ತುಕ್ಕಿನ ಕಲೆಗಳೋ ತಿಳಿಯದ ಕೆಲವು ಗುರುತುಗಳು. ನಾನು ಕನ್ನಡಿ ಮಾಡಿದ್ದು ಇದೇ ಪಾರ್ಶ್ವವನ್ನು.

ಮುಂಬಯಿಯಲ್ಲಿರುವ ವಾಚಕರಿಗೆ ‘ಜಿ. ಐ. ಪಿ.’ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲನ್ನು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ೧೯೫೧ರ ನವೆಂಬರಿನಲ್ಲಿ ಮಧ್ಯ ರೈಲ್ವೆಯಲ್ಲಿ ಸೇರಿದುದು. ನಮ್ಮವರು ನಿತ್ಯವೂ ಓಡಾಡುವ ಮಾಟುಂಗಾದಲ್ಲಿ ಆ ಕಂಪನಿಯ ಗಾಡಿಗಳ ದುರಸ್ತಿಯ ಕಾರ್ಖಾನೆ ಆರಂಭವಾದುದು ೧೯೧೫ರಲ್ಲಿ. ನನ್ನ ಹತ್ತರಿಯ ಒಡಲಿನ ಕಾಲ ೧೯೧೦–೧೯೧೮! ಆ ಕಾಲದ ರೈಲುಡಬ್ಬಿಗಳ ಮೈ ಮರದ್ದು. ಪೆರಂಬೂರಿನ ಕಾರ್ಖಾನೆಯಲ್ಲಿ ಉಕ್ಕಿನ ಡಬ್ಬಿಗಳು ತಯಾರಾಗತೊಡಗಿದುದು ೧೯೫೫ರಲ್ಲಿ. ಅದಕ್ಕೆ ಮೊದಲಿನ ರೈಲ್ವೆ ಕಾರ್ಖಾನೆಗಳು ಬಡಗಿಗಳಿಂದ ತುಂಬಿರುತ್ತಿದ್ದವು. ಹೊಸ ಕಾರ್ಖಾನೆಗೆಂದು ತರಿಸಿದ ಹತ್ತರಿಗಳಲ್ಲಿ ಇದೂ ಒಂದಾಗಿದ್ದಿತೆಂದು ಬರೆಯಲು ಲೇಖನಿ ತವಕಿಸುತ್ತದೆ. ಗುಜರಿಯ ರಾಶಿಯಲ್ಲಿ ಸಿಕ್ಕಿದ್ದೆಂದು ಮಾರಿದವನೂ ಹೇಳಿದ್ದನು.

ಆದರೆ ನಡುವಿನ ಅಕ್ಷರ ‘ಐ’ ಎಂದು ನಾನು ಪ್ರಮಾಣ ಮಾಡಲಾರೆ. ಅದು ‘ಟಿ’ಯ ಕಾಂಡವಾಗಿರಬಹುದು, ಪಾದ ಸವೆದ ‘ಎಲ್’ ಆಗಿರಬಹುದು. ಒಬ್ಬ ಬಡಗಿಯ ಹೆಸರಿನ ಮೊದಲಕ್ಷರಗಳೂ ಆಗಿರಬಹುದು. ಕೈಯಲ್ಲಿ ಲೋಹವಿದ್ದಿದ್ದರೆ ಭೂತಗನ್ನಡಿ ಹಿಡಿದು, ಓರೆಬೆಳಕು ಬಿಟ್ಟು, ತೆಳುಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ, ಶಾಸನದ ಪಡಿಯಚ್ಚಿನಂತೆ ತೆಗೆದು ನಿರ್ಣಯಿಸಬಹುದಿತ್ತು. ಇರುವ ಚಿತ್ರ ಚಿಕ್ಕದು. ಹಿಗ್ಗಿಸಿದರೆ ಚೌಕಗಳಾಗಿ ಒಡೆಯುತ್ತದೆ. ಮಾರಾಟದ ಪುಟವೂ ಅಳಿದಿದೆ, ಮಾರಿದವನ ಬಳಿಯೂ ದೊಡ್ಡ ಪ್ರತಿಯಿಲ್ಲ. ೧೯೧೫ ಎಂಬುದು ೧೯೧೦ ಮತ್ತು ೧೯೧೮ರ ನಡುವೆ ಬೀಳುತ್ತದೆಂಬುದು ಆಕಸ್ಮಿಕವಿರಬಹುದು. ಇಂಥ ಆಕಸ್ಮಿಕಗಳ ಮೇಲೆ ಕಟ್ಟಿದ ಸ್ಥಳಪುರಾಣಗಳನ್ನು ಬಿಡಿಸುವುದರಲ್ಲಿಯೇ ನಮ್ಮ ಸಂಶೋಧಕರ ಅರ್ಧ ಆಯುಷ್ಯ ಕಳೆಯುತ್ತದೆ, ನಾನೊಂದನ್ನು ಸೇರಿಸಬಯಸುವುದಿಲ್ಲ.

ಅಳಿಸಿದ ಮುದ್ರೆಯನ್ನು ಮರಳಿ ಪಡೆಯುವ ಉಪಾಯ ಉಂಟು. ಉಕ್ಕಿನ ಮೇಲೆ ಅಚ್ಚುಳಿಯಿಂದ ಹೊಡೆದಾಗ ಅಕ್ಷರದ ಕೆಳಗಿನ ಲೋಹವೂ ಆಳದವರೆಗೆ ನಲುಗುತ್ತದೆ. ಮೇಲಿನ ಅಕ್ಷರವನ್ನು ಅರದಿಂದ ತೆಗೆದುಹಾಕಿದರೂ, ಆಮ್ಲದ್ರಾವಣವನ್ನು ಸವರಿದರೆ ನಲುಗಿದ ಭಾಗ ಬೇರೆ ರೀತಿಯಲ್ಲಿ ಕರಗಿ ಅಕ್ಷರ ಮತ್ತೆ ಮೂಡುತ್ತದೆ. ಕದ್ದ ವಾಹನಗಳ, ಬಂದೂಕುಗಳ ನಂಬರನ್ನು ಅಪರಾಧಶೋಧಕರು ಹೀಗೆ ಓದುತ್ತಾರೆ. ಬೀಡು ಕಬ್ಬಿಣದಲ್ಲಿ ಈ ವಿಧಾನ ಉಕ್ಕಿನಲ್ಲಿ ಫಲಿಸಿದಷ್ಟು ಫಲಿಸದು, ಆದರೂ ಪ್ರಯತ್ನಿಸಬಹುದಿತ್ತು. ಆದರೆ ಲೋಹವನ್ನು ಕೆಂಪಗೆ ಕಾಯಿಸಿದರೆ ಆ ನಲುಗಿದ ಗುರುತೂ ಅಳಿಯುತ್ತದೆ. ನನ್ನ ಹತ್ತರಿಯ ಇಡ��� ಒಡಲನ್ನು ಕೆಂಡದ ಮೇಲಿಟ್ಟು, ಬೂದಿಯಲ್ಲಿ ಮೆಲ್ಲನೆ ಆರಿಸಿದ್ದಾಯಿತಲ್ಲ! ಮೊದಲು ಉಜ್ಜಿ ಅಕ್ಷರವನ್ನು ತೆಗೆದೆನು. ಅನಂತರ ಬೇಡವೆಂದರೂ ಕೇಳದೆ ಕಾಯಿಸಿ ಅದರ ನೆರಳನ್ನೂ ತೆಗೆದೆನು. ನಮ್ಮ ಬ್ಯಾಂಕುಗಳ ಹಳೆಯ ಲೆಡ್ಜರುಗಳಲ್ಲಿ ಒಂದು ನಿಯಮವಿತ್ತು. ತಪ್ಪು ನಮೂದನ್ನು ಕೆರೆದು ಅಳಿಸಕೂಡದು; ಅದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ತಿದ್ದಿದವನು ಸಹಿ ಹಾಕಬೇಕು. ಕೆರೆದ ಗುರುತು ಕಂಡರೆ ಗುಮಾಸ್ತರಿಂದ ವಿವರಣೆ ಕೇಳುತ್ತಿದ್ದೆವು. ನನ್ನಿಂದ ವಿವರಣೆ ಕೇಳುವವರು ಯಾರೂ ಇರಲಿಲ್ಲ.

ಮುರಿದ ಹಿಡಿ ಮಾತ್ರ ಇನ್ನೂ ಉಳಿದಿತ್ತು. ಅದು ಅಮೆರಿಕದ ಉಷ್ಣಪ್ರದೇಶದ ರೋಸ್‌ವುಡ್ಡಿನದು. ನಮ್ಮ ಮಲೆನಾಡಿನ ಬೀಟೆಗೆ ದಾಯಾದಿ. ಎರಡೂ ಸಸ್ಯಶಾಸ್ತ್ರದ ಪ್ರಕಾರ ಡಾಲ್ಬರ್ಜಿಯಾ ಕುಲದವು. ಈಗ ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆಲ್ಲ ಕಟ್ಟುಪಾಡುಗಳಿವೆ. ಹಿಡಿಗೆ ಬಳಸುತ್ತಿದ್ದ ಬ್ರೆಜಿಲಿನ ಜಾತಿಗಂತೂ ೧೯೯೨ರಿಂದ ಅತ್ಯಂತ ಬಿಗಿಯಾದ ನಿರ್ಬಂಧವಿದೆ. ಊರ ಮನೆಯ ಅಟ್ಟದ ಮೇಲಿದ್ದ ಹಳೆಯ ಮಂಚದ ಮುರಿದ ಕಾಲಿನಿಂದ ಒಂದು ತುಂಡು ಬೀಟೆಯನ್ನು ತಂದಿದ್ದೆನು. ಆಚಾರ್ಯರು ಹಿಡಿಯ ಮುರಿದ ಕೊಂಬನ್ನು ಓರೆಯಾಗಿ ಕೊಯ್ದು ಸಮಮಾಡಿದರು. ಬೀಟೆಯ ತುಂಡಿನ ಎಳೆಗಳು ಹಿಡಿಯ ಎಳೆಗಳ ದಿಕ್ಕಿಗೇ ಹರಿಯುವಂತೆ ಹೊಂದಿಸಿ, ಅಂಟು ಹಾಕಿ, ಒಂದು ರಾತ್ರಿ ಬಿಗಿದಿಟ್ಟು, ಮರುದಿನ ಒರಟು ಅರದಿಂದ ಕೊಂಬಿನ ಆಕಾರಕ್ಕೆ ತಂದರು. ಹಳೆಯ ಮರ ಕೆಂಗಪ್ಪು, ಬೀಟೆ ನೇರಿಳೆಗಪ್ಪು. ಕೂಡಿದ ಗೆರೆ ಕಾಣುತ್ತಿತ್ತು. “ಸ್ವಲ್ಪ ಬಣ್ಣ ಕೊಟ್ರೆ ಗೊತ್ತೇ ಆಗುದಿಲ್ಲ” ಎಂದರು. ಬೇಡ, ಗೊತ್ತಾಗಲಿ ಎಂದೆನು. ಅವರು ನನ್ನ ಮುಖ ನೋಡಿ ನಕ್ಕರು. ಆ ಹೊತ್ತಿಗೆ ಅವರಿಗೂ ಛಾಯಾಚಿತ್ರದ ಕಥೆ ಗೊತ್ತಾಗಿತ್ತು.

ಅಲಗನ್ನು ಮಸೆದು ಕೂಡಿಸಿ, ಒಂದು ಸಾಗುವಾನಿಯ ಹಲಗೆಯ ಮೇಲೆ ಆಚಾರ್ಯರೇ ಮೊದಲು ಓಡಿಸಿದರು. ತಾನು ಹುಡುಗನಾಗಿದ್ದಾಗ ಊರಿನಲ್ಲಿ ಬಳಸಿದ್ದು ಮರದ ಕೀಸುಳಿಯನ್ನೇ, ಇಂಥದು ಶ್ರೀಮಂತರ ಸೊತ್ತು ಎನ್ನುತ್ತ, ಬಲಗೈಯ ತೋರುಬೆರಳಿನಿಂದ ಹಿತ್ತಾಳೆಯ ಚಕ್ರವನ್ನು ಅರ್ಧ ಸುತ್ತು ತಿರುಗಿಸಿದರು. ಬಾಯಿಯಿಂದ ಹಲಗೆಯ ಉದ್ದಕ್ಕೂ ಒಂದೇ ಸುರುಳಿ ಹೊರಬಿದ್ದಿತು, ಈರುಳ್ಳಿಯ ಸಿಪ್ಪೆಯಷ್ಟು ತೆಳುವಾಗಿ. ಹಿತ್ತಾಳೆಯ ಬೆಸುಗೆ ಅಲುಗಲಿಲ್ಲ.

ಹತ್ತರಿಯನ್ನಿಡಲು ಒಂದು ಮರದ ಪೆಟ್ಟಿಗೆಯನ್ನು ಮಾಡಿಸಿದ್ದೇನೆ. ಅದರೊಳಗೆ ಆ ಛಾಯಾಚಿತ್ರದ ಒಂದು ಪ್ರತಿಯನ್ನೂ, ಒಂದು ಹಾಳೆ ಕಾಗದವನ್ನೂ ಇಟ್ಟಿದ್ದೇನೆ. ಕಾಗದದಲ್ಲಿ ಯಾವ ಭಾಗ ಯಾವ ಕಾಲದ್ದು, ಬೆಸುಗೆ, ಸರಳು, ಕೊಂಬು ಇವು ಯಾವ ತಿಂಗಳಲ್ಲಿ ಆದವು ಎಂದು ಬರೆದು, ಕೆಳಗೆ ಹೀಗೆ ಸೇರಿಸಿದ್ದೇನೆ: ಎಡಪಾರ್ಶ್ವದ ಹಿಂಬದಿಯಲ್ಲಿ ಮೂರು ಅಕ್ಷರಗಳಿದ್ದವು, ಮೊದಲನೆಯದು ‘ಜಿ’, ಮೂರನೆಯದು ‘ಪಿ’, ಎರಡನೆಯದು ಓದುವ ಮೊದಲೇ ನನ್ನ ಕೈಯಿಂದ ಅಳಿಯಿತು. ಅದರ ಕೆಳಗೆ ತೇದಿ ಹಾಕಿ ಸಹಿ ಮಾಡಿದ್ದೇನೆ.